ಕೊಕ್ಕೆತಾತಿಯ ಗೆರೆ ಕೊನೆಗೂ ನಡುಗದೆ ನಿಂತಿತು

ಮದುವೆಯ ಫೋಟೊ ನೋಡಿ ಭಾವಚಿತ್ರ ಬರೆದುಕೊಡುವುದು ನನ್ನ ಕಸುಬು. ಕೊಡಗಿನ ಮದುಮಗಳನ್ನು ಬರೆಯುವಾಗ ಕೈಗೆ ನಿಜವಾದ ಪರೀಕ್ಷೆ ಒಡವೆಯಲ್ಲಿದೆ. ಕೊರಳಿನ ಪದಕ ಕೊಕ್ಕೆತಾತಿಯ ಅರ್ಧಚಂದ್ರದ ಅಂಚು, ಮೇಲಿನ ಹಾವಿನ ಹೆಡೆ, ಕೆಳಗಿನ ಮುತ್ತಿನ ಸಾಲು: ಇವುಗಳಲ್ಲಿ ಒಂದು ಗೆರೆ ಅಲುಗಿದರೂ ಮನೆಯ ಅಜ್ಜಿಯರು ಬಾಗಿಲಲ್ಲಿ ನಿಂತೇ ಹಿಡಿಯುತ್ತಾರೆ.

ನಾಲ್ಕು ವರ್ಷದ ಹಿಂದೆ ಹಾಗೆಯೇ ಸಿಕ್ಕಿಬಿದ್ದೆ. ಹೆಡೆಯ ಗೆರೆ ಮೂರು ಸಲ ಒರೆಸಿ ಬರೆದು ಕೆಳಗಿನ ಬಣ್ಣವೂ ಕಿತ್ತುಬಂತು. ಮುಂಗಡದ ಒಂಬತ್ತು ಸಾವಿರ ಹಿಂತಿರುಗಿಸಿದೆ. ಆಮೇಲೆ ಕೈ ನಡುಕ ನಿಲ್ಲಿಸಲು ದುಡ್ಡು ಸುರಿದೆ. ಮೂರೂವರೆ ಸಾವಿರದ ಭೂತಗನ್ನಡಿ ದೀಪ ನಡುಕವನ್ನೂ ದೊಡ್ಡದಾಗಿ ತೋರಿಸಿ ಹೆದರಿಸಿತು. ಮಣಿಕಟ್ಟಿನ ಪಟ್ಟಿ ಕಟ್ಟಿದರೆ ನಡುಕ ಬೆರಳಿಗೆ ಇಳಿಯಿತು. ಸುಮಾರು ಎರಡು ಸಾವಿರ ಕೊಟ್ಟು ಕೊಲಿನ್‌ಸ್ಕಿ ಎಂಬ ಪ್ರಾಣಿಯ ಬಾಲದ ಕೂದಲಿನ ಬ್ರಷ್ ತಂದೆ. ಅದರ ಮೊನೆ ಚೆನ್ನಾಗಿತ್ತು, ಕೈ ಮಾತ್ರ ನನ್ನದೇ ಆಗಿತ್ತು. ಡಂಬೆಲ್ ಎತ್ತಿದ ಮರುದಿನವಂತೂ ಚುಕ್ಕೆಯನ್ನೂ ಇಡಲಾಗಲಿಲ್ಲ. ಏಣಿ ಹತ್ತಿ ಕರಿಮೆಣಸು ಕೊಯ್ದ ದಿನವೂ ಹಾಗೆಯೇ. ಅಂಥ ದಿನ ಈಗ ಹಿನ್ನೆಲೆ ಮಾತ್ರ ಬಳಿಯುತ್ತೇನೆ.

ದಾರಿ ತೋರಿಸಿದ್ದು ಕೊಡವರು ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಎಪ್ಪತ್ತು ದಾಟಿದ ನೆರೆಮನೆಯ ಮಾವ ಮೊದಲ ಗುಂಡಿಗೇ ಕಾಯಿ ಒಡೆದರು. ಕಾಫಿ ಲೋಟ ಹಿಡಿದರೆ ಅವರ ಕೈ ನನಗಿಂತ ಹೆಚ್ಚು ನಡುಗುತ್ತದೆ. ಕೇಳಿದೆ. "ಉಸಿರು ಬಿಟ್ಟ ಮೇಲೆ ಮೈ ಒಂದು ಗಳಿಗೆ ಸುಮ್ಮನಿರುತ್ತದೆ. ಟ್ರಿಗರ್ ಜಗ್ಗಬೇಡ, ಆ ಗಳಿಗೆಯಲ್ಲಿ ಮೆಲ್ಲಗೆ ಹಿಂಡು," ಎಂದರು. ಜೊತೆಯ ಕಲಾವಿದರಿಗೆ ಹೇಳಿದರೆ, ಕೋವಿಗೂ ಕುಂಚಕ್ಕೂ ಏನು ನಂಟು ಎಂದು ನಕ್ಕರು.

ನಂಟು ಇತ್ತು. ಕ್ಯಾನ್ವಾಸನ್ನು ಮೇಜಿನ ಮೇಲೆ ಮಲಗಿಸಿ, ಎರಡು ದಿಮ್ಮಿಗಳ ಮೇಲೆ ಸಿಲ್ವರ್ ಓಕ್ ಹಲಗೆ ಇಟ್ಟು ಚಿತ್ರದ ಮೇಲೆ ಸೇತುವೆ ಮಾಡಿಕೊಂಡೆ. ಮೊಣಕೈ ಮೇಜಿಗೆ, ಮುಂಗೈ ಹಲಗೆಗೆ, ಕಿರುಬೆರಳು ಹಲಗೆಯ ಅಂಚಿಗೆ. ಬಣ್ಣ ಅದ್ದಿ, ಹಳೆಯ ಕಾಗದದ ಮೇಲೆ ಒಂದು ಗೆರೆ ಎಳೆದು ಹೆಚ್ಚಿನದನ್ನು ತೆಗೆದು, ಉಸಿರು ಒಳಗೆಳೆದು ಬಿಟ್ಟು, ಆ ನಿಂತ ಗಳಿಗೆಯಲ್ಲಿ ಗೆರೆಯನ್ನು ನನ್ನ ಕಡೆಗೆ ಎಳೆಯುತ್ತೇನೆ. ಅದು ಎರಡು ಸೆಕೆಂಡು ಸಿಕ್ಕರೆ ಹೆಚ್ಚು. ತಿರುವು ಬಂದರೆ ಕ್ಯಾನ್ವಾಸನ್ನೇ ತಿರುಗಿಸುತ್ತೇನೆ, ಮಣಿಕಟ್ಟನ್ನಲ್ಲ. ಒಂದು ಮುತ್ತಿಗೆ ಒಂದು ಉಸಿರು. ನಲವತ್ತು ಮುತ್ತಿನ ಸಾಲಿಗೆ ವಿಶ್ರಾಂತಿ ಸೇರಿ ಒಂದು ಗಂಟೆ ಹಿಡಿಯುತ್ತದೆ.

ನಡುಕಕ್ಕೆ ಇನ್ನರ್ಧ ಕಾರಣ ಕಾಫಿ. ನಮ್ಮಲ್ಲಿ ಹೆಚ್ಚು ಬೆಳೆಯುವ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ನಾನೋ ದಿನಕ್ಕೆ ಆರು ಲೋಟ ಕುಡಿಯುತ್ತಿದ್ದವನು. "ಕೊಡಗಿನಲ್ಲಿದ್ದು ಕಾಫಿ ಬಿಡುತ್ತೀಯಾ?" ಎಂದು ಅತ್ತಿಗೆ ಕೇಳಿದರು. ಬಿಡಲಿಲ್ಲ, ಹಿಂದಕ್ಕೆ ತಳ್ಳಿದೆ. ಬೆಳಗ್ಗೆ ಆರೂವರೆಗೆ ಕುಂಚ ಹಿಡಿದು ಒಂಬತ್ತಕ್ಕೆ ಮೊದಲ ಲೋಟ, ಮಧ್ಯಾಹ್ನ ಎರಡನೆಯದು, ಅಲ್ಲಿಗೆ ಮುಗಿಯಿತು. ನಾಲ್ಕು ದಿನ ತಲೆ ಸಿಡಿಯಿತು. ಎರಡನೆಯ ವಾರಕ್ಕೆ ಗೆರೆಯಲ್ಲಿ ವ್ಯತ್ಯಾಸ ಕಂಡಿತು.

ನಡುವೆ ಮಣಿಕಟ್ಟಿಗೆ ದಪ್ಪ ಹಿತ್ತಾಳೆ ಬಳೆ ಹಾಕಿ ನೋಡಿದೆ. ಉದ್ದ ಗೆರೆಗೆ ಸ್ವಲ್ಪ ನೆರವಾಯಿತು, ಚುಕ್ಕೆಗೆ ಅಡ್ಡಿಯಾಯಿತು. ಬ್ರಷ್ಷಿನ ಹಿಡಿಗೆ ದಾರ ಸುತ್ತಿ ದಪ್ಪ ಮಾಡಿದ್ದು ಮಾತ್ರ ಉಳಿಯಿತು, ಏಕೆಂದರೆ ಬಿಗಿಯಾಗಿ ಹಿಡಿದಷ್ಟೂ ಬೆರಳು ನಡುಗುತ್ತದೆ. ಜುಲೈ ಮಳೆಯ ಚಳಿಯಲ್ಲಿ ಬೆರಳು ಮರಗಟ್ಟಿದಾಗ ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ ಕೂರುತ್ತೇನೆ. ಬಂಗಾರದ ಹಳದಿ ಎಳೆ ಕಡಿಯದೆ ಹರಿಯಲು ಏನು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಆಗ ಹದಿನೆಂಟು ಸಾವಿರಕ್ಕೆ ಬರೆಯುತ್ತಿದ್ದ ಅಳತೆಗೆ ಈಗ ಮೂವತ್ತರ ಹತ್ತಿರ ಕೇಳುತ್ತೇನೆ, ಕೊಡುತ್ತಾರೆ. ನಕ್ಕವರಲ್ಲಿ ಇಬ್ಬರು ಹಲಗೆಯ ಅಳತೆ ಬರೆದುಕೊಂಡು ಹೋದರು. ಸದ್ಯ ಮೇಜಿನ ಮೇಲಿರುವುದು ಮದುಮಗನ ಚಿತ್ರ. ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಕತ್ತಿ ಪೀಚೆಕತ್ತಿಯ ಬೆಳ್ಳಿ ಸರಪಳಿಯ ಬಾಗು ಒಂದು ಉಸಿರಿಗೆ ಮುಗಿಯುವುದಿಲ್ಲ. ಮೂರು ತುಂಡು ಮಾಡಿ, ಕೊಂಡಿಯ ನೆರಳಿನಲ್ಲಿ ಸೇರಿಸುತ್ತಿದ್ದೇನೆ. ನಿನ್ನೆ ಹನ್ನೊಂದು ಕೊಂಡಿ ಆಯಿತು.