ಒಂದೇ ಕಂಪ್ಯೂಟರ್ ಮೇಲೆ ಬೀಳುತ್ತಿದ್ದ ಭಾರ

ಎಂಟು ಹಳೇ ಕಂಪ್ಯೂಟರ್ ಸೇರಿಸಿ, 2001ರಲ್ಲಿ ಬಂದ ಕೋರ್ಡ್ (Chord) ವಿಧಾನದಲ್ಲಿ ಫೈಲ್ ಹಂಚುವ ಜಾಲ ಕಟ್ಟಿದ್ದೆ. ಯಾವ ಫೈಲ್ ಯಾವ ಕಂಪ್ಯೂಟರ್‌ಗೆ ಹೋಗಬೇಕು ಅಂತ ತೀರ್ಮಾನಿಸುವ ವಿಧಾನ ಅದು. ಒಂದರ ಡಿಸ್ಕ್ ಮಾತ್ರ ಪದೇ ಪದೇ ತುಂಬುತ್ತಿತ್ತು. ಹೆಸರನ್ನು ಅಂಕಿಯಾಗಿ ಬದಲಿಸುವ ಹ್ಯಾಶ್ ಫಂಕ್ಷನ್ನೇ ಸರಿಯಿಲ್ಲ ಅಂದುಕೊಂಡು ಎರಡು ರಾತ್ರಿ ಹುಡುಕಿದೆ. ಅದು ಸರಿಯಾಗೇ ಇತ್ತು.

ಕೋರ್ಡ್ ಈ ಅಂಕಿಗಳನ್ನು ಒಂದು ಉಂಗುರದ ಮೇಲೆ ಜೋಡಿಸುತ್ತದೆ. ಕೊನೆಗೆ ಕಾಗದದ ಮೇಲೆ ಆ ಉಂಗುರ ಬರೆದು, ಎಂಟೂ ನೋಡ್‌ಗಳ (ಅಂದರೆ ಕಂಪ್ಯೂಟರ್‌ಗಳ) ಐಡಿ, ಅಂದರೆ ಹ್ಯಾಶ್ ಕೊಟ್ಟ ಅಂಕಿ, ಗುರುತಿಸಿದೆ. ಆಗ ಕಣ್ಣಿಗೆ ಬಿತ್ತು. ಐಡಿಗಳು ಸಮ ದೂರದಲ್ಲಿ ಕೂತಿರಲಿಲ್ಲ. ಪ್ರತಿ ಕೀ, ಅಂದರೆ ಫೈಲ್‌ನ ಅಂಕಿ, ಉಂಗುರದಲ್ಲಿ ತನ್ನ ಮುಂದಿರುವ ಮೊದಲ ನೋಡ್‌ಗೆ ಸೇರುತ್ತದೆ. ಹಾಗಾಗಿ ಹಿಂದೆ ದೊಡ್ಡ ಖಾಲಿ ಜಾಗ ಇದ್ದ ನೋಡ್‌ಗೆ ಫೈಲ್ ಜಾಸ್ತಿ. ನೋಡ್ ಕಡಿಮೆ ಇದ್ದಾಗ ಹೀಗಾಗುವುದು ಸಹಜ ಅಲ್ವಾ?

ಪ್ರತಿ ಕಂಪ್ಯೂಟರ್‌ಗೂ 32 ವರ್ಚುವಲ್ ನೋಡ್, ಅಂದರೆ ಉಂಗುರದಲ್ಲಿ 32 ಬೇರೆ ಬೇರೆ ಜಾಗ, ಕೊಟ್ಟೆ. ಹೆಸರಿನ ಜೊತೆ 0ಯಿಂದ 31ರವರೆಗೆ ಅಂಕಿ ಸೇರಿಸಿ ಹ್ಯಾಶ್ ಮಾಡಿದರೆ ಆಯ್ತು. ದೊಡ್ಡ ಡಿಸ್ಕ್ ಇದ್ದದ್ದಕ್ಕೆ 64. ಈಗ ಹಂಚಿಕೆ ಹೆಚ್ಚುಕಡಿಮೆ ಸರಿಹೋಗಿದೆ. ಎಲ್ಲರೂ ಒಂದೇ ಫೈಲ್‌ಗೆ ಮುಗಿಬಿದ್ದರೆ ಮಾತ್ರ ಇದು ಸಾಲದು, ಅದಕ್ಕೆ ಬೇರೆ ನೋಡ್‌ಗಳಲ್ಲೂ ಆ ಫೈಲ್‌ನ ಪ್ರತಿ ಇಡಬೇಕು.