ನೆರಳಿನ ಪಾಠಕ್ಕೆ ಒಂದು ಇರುವೆ

ಜುಲೈ ತಿಂಗಳಲ್ಲಿ, ಅದೂ ಕೊಡಗಿನಲ್ಲಿ, ನೆರಳಿನ ಪಾಠ ಮಾಡಲು ಹೊರಟದ್ದು ನನ್ನದೇ ದಡ್ಡತನ. 2019ರಲ್ಲಿ ಬಯಲುಸೀಮೆಯಿಂದ ವರ್ಗವಾಗಿ ನಾಪೋಕ್ಲು ಕಡೆಯ ಒಂದು ಸರ್ಕಾರಿ ಶಾಲೆಗೆ ಬಂದಿದ್ದೆ. ಬಯಲುಸೀಮೆಯಲ್ಲಿ ಆರನೇ ತರಗತಿಯ ಈ ಪಾಠಕ್ಕೆ ತಯಾರಿಯೇ ಬೇಕಿರಲಿಲ್ಲ. ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಒಂದು ಕೋಲು ನೆಟ್ಟರೆ ಅರ್ಧ ಪಾಠ ತಾನಾಗಿ ಆಗಿಬಿಡುತ್ತಿತ್ತು. ಇಲ್ಲಿ ಮೂರು ದಿನ ಕೋಲು ಹಿಡಿದು ಜಗಲಿಯಲ್ಲೇ ನಿಂತೆ. ಮಳೆ ನಿಂತರೆ ಮಂಜು, ಮಂಜು ಸರಿದರೆ ಮಳೆ. ನಾಲ್ಕನೇ ದಿನ ಸ್ವಲ್ಪ ಹೊಳವಾಯಿತು, ಎಲ್ಲರೂ ಅಂಗಳಕ್ಕಿಳಿದೆವು. ಬೆಳಕೇನೋ ಧಾರಾಳವಾಗಿತ್ತು. ಕೋಲಿನ ಬುಡದಲ್ಲಿ ನೆರಳು ಮಾತ್ರ ಇಲ್ಲ.

"ಟೀಚರ್, ಮಳೆಗಾಲದಲ್ಲಿ ನೆರಳು ಎಲ್ಲಿಗೆ ಹೋಗ್ತದೆ?" ಕಾಫಿ ತೋಟದ ಕೆಲಸದವರ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಕೇಳಿದಳು.

"ಸೂರ್ಯ ಇಲ್ವಲ್ಲಮ್ಮ."

"ಬೆಳಕು ಉಂಟಲ್ಲ ಟೀಚರ್?"

ಬೆಳಕು ಉಂಟು, ಅಪಾರದರ್ಶಕ ವಸ್ತು ಉಂಟು, ಪರದೆಯಾಗಿ ನೆಲ ಉಂಟು. ಈ ಮೂರಿದ್ದರೆ ನೆರಳು ಉಂಟಾಗುತ್ತದೆ ಎಂದು ಹಿಂದಿನ ದಿನ ಬೋರ್ಡಿನ ಮೇಲೆ ಬರೆದವಳು ನಾನೇ. ಮೋಡ ಬೆಳಕನ್ನು ಚದುರಿಸುತ್ತದೆ ಎಂದೆ. ಮಕ್ಕಳು ನೋಟ್ಸ್‌ನಲ್ಲಿ ಬರೆದುಕೊಂಡರು. ಅವಳೂ ಬರೆದುಕೊಂಡಳು. ಮುಖ ನೋಡಿದರೆ ಏನೂ ತಲೆಗೆ ಹೋಗಿಲ್ಲ ಎಂದು ಗೊತ್ತಾಗುತ್ತಿತ್ತು.

ತೊಡಕು ನಮ್ಮ ಮಾತಿನಲ್ಲೂ ಇದೆ ಅನ್ನಿಸಿತು. ಕನ್ನಡದಲ್ಲಿ ಕೋಲಿನ ಹಿಂದಿನ ಕಪ್ಪು ಆಕಾರವೂ ನೆರಳೇ, ಮರದಡಿಯ ತಂಪೂ ನೆರಳೇ. ಕಾಫಿ ತೋಟದ ಮಕ್ಕಳಿಗಂತೂ ನೆರಳು ಎಂದರೆ ಮರ ಕೊಡುವ ವಸ್ತು. ಮಳೆಗೆ ಮುಂಚೆ ಮರದ ಕೊಂಬೆ ಸವರಿ ಕಪಾತು ಮಾಡಿಸುವಾಗ ಮನೆಯಲ್ಲಿ ದೊಡ್ಡವರು "ಈ ಕಡೆ ನೆರಳು ಜಾಸ್ತಿಯಾಯ್ತು, ಆ ಕಡೆ ಸಾಲದು" ಎಂದು ಬೆಲ್ಲವೋ ಅಕ್ಕಿಯೋ ಅನ್ನುವ ಹಾಗೆ ಮಾತಾಡುವುದನ್ನು ಅವರು ಕೇಳಿರುತ್ತಾರೆ. ಸಾಲದ್ದಕ್ಕೆ ನೆರಳು "ಬೀಳುತ್ತದೆ" ಎನ್ನುತ್ತೇವೆ. ಬೀಳುವುದಕ್ಕೆ ಅಲ್ಲಿ ಏನಿದೆ? ಬೆಳಕು ತಲುಪದೆ ಉಳಿದ ಜಾಗ, ಅಷ್ಟೇ.

ಆ ರಾತ್ರಿ ಕರೆಂಟ್ ಇರಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಅದು ಸುದ್ದಿಯೇ ಅಲ್ಲ. ಮೇಜಿನ ಮೇಲೆ ಮೇಣದಬತ್ತಿ, ಅದರ ಮುಂದೆ ಸ್ಟೀಲ್ ಲೋಟ, ಲೋಟದ ಹಿಂದೆ ಉದ್ದಕ್ಕೆ ಕತ್ತಲೆಯ ಪಟ್ಟಿ. ಒಂದು ಕಟ್ಟಿರುವೆ ಬೆಳಕಿನಿಂದ ಆ ಪಟ್ಟಿಯೊಳಗೆ ನಡೆದುಹೋಯಿತು. ಇದಕ್ಕೀಗ ದೀಪ ಕಾಣಿಸುತ್ತಿಲ್ಲವಲ್ಲ ಎಂದುಕೊಂಡೆ. ಪಾಠ ಸಿಕ್ಕಿತು.

ಮರುದಿನ ತರಗತಿಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿದೆವು. ಡೆಸ್ಕಿನ ಮೇಲೆ ಮೇಣದಬತ್ತಿ ಮತ್ತು ಲೋಟ. ಒಬ್ಬೊಬ್ಬರೇ ಬಂದು ಡೆಸ್ಕಿಗೆ ಗಲ್ಲ ಊರಿ, ನೆರಳಿನಲ್ಲಿ ಕಣ್ಣಿಟ್ಟು ನೋಡಬೇಕು. ಕೇಳುವುದು ಒಂದೇ ಪ್ರಶ್ನೆ: "ಇರುವೆಗೆ ದೀಪ ಕಾಣ್ತದಾ?" ಕಾಣದಿದ್ದರೆ ಅದು ನೆರಳು. ಲೋಟ ಅಡ್ಡ ಬಂದಿದೆ, ಬೆಳಕು ನೇರವಾಗಿಯೇ ಸಾಗುವುದರಿಂದ ಬಳಸಿಕೊಂಡು ಬರಲಾರದು. ನಾನು ವ್ಯಾಖ್ಯೆ ಬರೆಸಲಿಲ್ಲ. ಲೋಟಕ್ಕೆ ಕೆಂಪು ಕಾಗದ ಸುತ್ತಿದರೂ ನೆರಳು ಕೆಂಪಾಗಲಿಲ್ಲ, ಅದನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

ಆಮೇಲೆ ಎರಡನೇ ಮೇಣದಬತ್ತಿ ಹಚ್ಚಿ ಪಕ್ಕದಲ್ಲಿಟ್ಟೆ. ನೆರಳು ಎರಡಾಯಿತು. ಎರಡೂ ಒಂದರ ಮೇಲೊಂದು ಬಂದ ಕಡೆ ಮಾತ್ರ ಗಾಢವಾಗಿತ್ತು, ಅಕ್ಕಪಕ್ಕದಲ್ಲಿ ಮಸುಕು. ಗಲ್ಲ ಊರಿ ನೋಡಿದವರು ತಾವೇ ಹೇಳಿದರು: ಗಾಢವಾದ ಕಡೆ ಇರುವೆಗೆ ಒಂದು ದೀಪವೂ ಕಾಣದು, ಮಸುಕಿನಲ್ಲಿ ಒಂದು ಕಾಣುತ್ತದೆ. ಮೂರು ಹಚ್ಚಿದೆವು, ನಾಲ್ಕು ಹಚ್ಚಿದೆವು. ಪ್ರತಿ ಸಲವೂ ನೆರಳು ಇನ್ನಷ್ಟು ಹಂಚಿಹೋಗಿ ತೆಳುವಾಯಿತು. ನೂರು ಹಚ್ಚಿದರೆ? ಆ ಹುಡುಗಿಯೇ ಬಾಯಿಬಿಟ್ಟಳು: "ಮೋಡ ಬಂದ ದಿನ ಆಕಾಶ ಪೂರ್ತಿ ದೀಪ, ಅಲ್ವಾ ಟೀಚರ್? ಕೋಲು ಎಷ್ಟನ್ನು ಅಂತ ಮುಚ್ತದೆ?"

ನನ್ನ "ಚದುರಿಸುತ್ತದೆ"ಗಿಂತ ಇದು ಚೆನ್ನಾಗಿತ್ತು.

ಅದೇ ವಾರ ಕರೆಂಟ್ ಬಂದಿದ್ದ ಒಂದು ಮಧ್ಯಾಹ್ನ ಟ್ಯೂಬ್‌ಲೈಟ್ ಕೆಳಗೆ ನಡೆದದ್ದನ್ನು ನಾನು ಎಲ್ಲ ಶಿಕ್ಷಕರಿಗೂ ಹೇಳುತ್ತಿರುತ್ತೇನೆ, ಖರ್ಚಿಲ್ಲದ ಪ್ರಯೋಗ. ಒಬ್ಬ ಹುಡುಗ ಪೆನ್ಸಿಲನ್ನು ಡೆಸ್ಕಿನಿಂದ ಒಂದು ಗೇಣು ಮೇಲೆ ಹಿಡಿದು ಆಡುತ್ತಿದ್ದ. ಪೆನ್ಸಿಲ್ ಟ್ಯೂಬಿನ ಉದ್ದಕ್ಕೇ ಇದ್ದಾಗ ನೋಟ್‌ಬುಕ್ಕಿನ ಮೇಲೆ ಗೆರೆ ಎಳೆದ ಹಾಗೆ ನೆರಳು. ಅಡ್ಡಕ್ಕೆ ತಿರುಗಿಸಿದರೆ ನೆರಳೇ ಮಾಯ. ಮತ್ತೆ ತಿರುಗಿಸಿದರೆ ಹಾಜರು. ಇಡೀ ತರಗತಿ ಪೆನ್ಸಿಲ್ ತಿರುಗಿಸತೊಡಗಿತು. ನಾನು ಸುಮ್ಮನೆ "ಇರುವೆಯನ್ನು ಕೇಳಿ" ಎಂದೆ. ಪುಸ್ತಕದ ಪಕ್ಕ ಕೆನ್ನೆ ಇಟ್ಟು ಮೇಲಕ್ಕೆ ನೋಡಿದರೆ ವಿಷಯ ಬಿಚ್ಚಿಕೊಳ್ಳುತ್ತದೆ. ಉದ್ದಕ್ಕೆ ಹಿಡಿದ ಪೆನ್ಸಿಲ್ ಟ್ಯೂಬನ್ನು ಪೂರ್ತಿ ಮರೆಮಾಡುತ್ತದೆ. ಅಡ್ಡ ಹಿಡಿದದ್ದು ನಡುವಿನ ಒಂದು ತುಂಡನ್ನಷ್ಟೇ ಮುಚ್ಚುತ್ತದೆ, ಎಡಕ್ಕೂ ಬಲಕ್ಕೂ ಟ್ಯೂಬ್ ಉರಿಯುತ್ತಲೇ ಇರುತ್ತದೆ. ದೀಪ ಪೂರ್ತಿ ಮರೆಯಾದ ಜಾಗ ದಟ್ಟ ನೆರಳು, ಅರೆಬರೆ ಮರೆಯಾದದ್ದು ಅರೆನೆರಳು. ಹೆಸರುಗಳನ್ನು ಆಗ ಕೊಟ್ಟೆ. ನೋಡಿದ ಮೇಲೆ ಕೊಟ್ಟ ಹೆಸರು ಮರೆಯುವುದಿಲ್ಲ.

ಆಗಸ್ಟ್ ಪೂರ್ತಿ ಮಳೆ ರಜೆಗಳಲ್ಲೇ ಹೋಯಿತು. ಬಿಸಿಲಿನ ಕೆಲಸಕ್ಕೆ ಡಿಸೆಂಬರ್ ಬರಬೇಕಾಯಿತು, ಆಗ ಕಾಫಿ ಕೊಯ್ಲು ನಡೆದಿತ್ತು. ಶಾಲೆಯ ಹಿಂದಿನ ಮನೆಯವರು ಕಾಫಿ ಒಣಗಿಸುವ ಸಿಮೆಂಟಿನ ಕಣದ ಒಂದು ಮೂಲೆಯನ್ನು ನಮಗೆ ಬಿಟ್ಟುಕೊಟ್ಟರು. ಇಲ್ಲಿ ಮಾತ್ರ ಇರುವೆ ಆಟಕ್ಕೆ ಕಡ್ಡಾಯವಾಗಿ ರಜೆ. ಸೂರ್ಯನನ್ನು ಯಾವ ಕಾರಣಕ್ಕೂ ಬರಿಗಣ್ಣಿನಲ್ಲಿ ನೋಡಬಾರದು ಎಂದು ಮೂರು ಸಲ ಹೇಳಿ, ಹೇಳಿಸಿ, ಆಮೇಲೆ ಹೊರಗೆ ಬಿಟ್ಟೆ. ಪೆನ್ಸಿಲನ್ನು ನೆಲದ ಹತ್ತಿರ ಹಿಡಿದರೆ ನೆರಳಿಗೆ ಚೂಪಾದ ಅಂಚು. ಮೇಲೆತ್ತುತ್ತಾ ಹೋದಂತೆ ಅಂಚು ಕರಗುತ್ತದೆ, ಎದೆಮಟ್ಟಕ್ಕೆ ಬರುವಾಗ ಬರೀ ಮಸುಕು. ಸೂರ್ಯ ನಮಗೆ ಚುಕ್ಕಿಯಲ್ಲ, ಸಣ್ಣ ತಟ್ಟೆ. ಅವನು ತನ್ನ ವ್ಯಾಸದ ಸುಮಾರು 107 ಪಟ್ಟು ದೂರದಲ್ಲಿದ್ದಾನೆ. ಹಾಗಾಗಿ ಯಾವುದೇ ವಸ್ತುವಿನ ದಟ್ಟ ನೆರಳು ಆ ವಸ್ತುವಿನ ದಪ್ಪದ ಸುಮಾರು 107 ಪಟ್ಟು ದೂರಕ್ಕೇ ಮೊನಚಾಗಿ ಮುಗಿದುಹೋಗುತ್ತದೆ. 7 ಮಿಲಿಮೀಟರ್ ಪೆನ್ಸಿಲಿಗೆ ಅದು ಮುಕ್ಕಾಲು ಮೀಟರ್. ಕರೆಂಟ್ ಕಂಬಕ್ಕೆ ನೆರಳಿದೆ, ಮೇಲಿನ ತಂತಿಗೆ ಯಾಕಿಲ್ಲ ಎಂಬುದಕ್ಕೂ ಇಷ್ಟೇ ಉತ್ತರ. ತಂತಿಯ ದಟ್ಟ ನೆರಳು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಮುಗಿದಿರುತ್ತದೆ.

ಗಾಳಿಯಲ್ಲಿ ನೆರಳಿರುತ್ತದಾ ಎಂದು ಯಾರಾದರೂ ಕೇಳಿದರೆ ನಮ್ಮ ಊರಿನಲ್ಲಿ ತೋರಿಸುವುದು ಸುಲಭ. ಬೆಳಗಿನ ಮಂಜಿನಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಬಿಸಿಲು ಕೋಲುಕೋಲಾಗಿ ಇಳಿಯುತ್ತದಲ್ಲ, ಆ ಕೋಲುಗಳ ನಡುವಿನ ಕಪ್ಪು ಪಟ್ಟಿಗಳೇ ಮರಗಳ ನೆರಳು.

ಅದೇ ಡಿಸೆಂಬರ್ 26ಕ್ಕೆ ಕಂಕಣ ಸೂರ್ಯಗ್ರಹಣ. ಕುಟ್ಟದ ಹತ್ತಿರದ ಕಾಯಿಮಾನಿಯಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಜನ ಸೇರಿದ್ದರು. ನಾನೂ ಹೋದೆ. ಮಕ್ಕಳನ್ನು ಕರೆದೊಯ್ಯುವ ಧೈರ್ಯ ಮಾಡಲಿಲ್ಲ, ಗ್ರಹಣ ಬಿಡುವವರೆಗೆ ಬಾಗಿಲು ತೆರೆಯದ ಮನೆಗಳೂ ಇದ್ದವು. ಬೆಳಿಗ್ಗೆ 9.25ರ ಹೊತ್ತಿಗೆ ಗ್ರಹಣದ ಕನ್ನಡಕದಲ್ಲಿ ಬಳೆಯಂಥ ಸೂರ್ಯ, ಸುಮಾರು ಮೂರು ನಿಮಿಷ. ಅದಕ್ಕೂ ಮೊದಲು, ಸೂರ್ಯ ಕುಡುಗೋಲಿನಂತಿದ್ದಾಗ, ಮರದಡಿಯ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲುಗಳಾಗಿದ್ದವು. ಎಲೆಗಳ ಸಂದು ಸೂಜಿರಂಧ್ರ ಕ್ಯಾಮರಾದ ಕೆಲಸ ಮಾಡುತ್ತದೆ, ಸಣ್ಣ ತೂತಿನಿಂದ ತೂರಿದ ಬೆಳಕು ನೆಲದ ಮೇಲೆ ಸೂರ್ಯನ ಚಿತ್ರವನ್ನೇ ಮೂಡಿಸುತ್ತದೆ. ಬೇರೆ ದಿನ ಆ ಚುಕ್ಕಿಗಳು ದುಂಡಗಿರುವುದೂ ಸೂರ್ಯ ದುಂಡಗಿರುವುದರಿಂದಲೇ.

ಶಾಲೆಯಲ್ಲಿ ಫೋಟೋ ತೋರಿಸಿದಾಗ ಒಬ್ಬ ಕೇಳಿದ: "ಚಂದ್ರ ಪೂರ್ತಿ ಯಾಕೆ ಮುಚ್ಚಲಿಲ್ಲ?" ಇನ್ನೊಬ್ಬ ನನಗಿಂತ ಮೊದಲೇ ಪೆನ್ಸಿಲ್ ಎತ್ತಿ ಹಿಡಿದ. ಅಂದು ಚಂದ್ರ ದೂರದಲ್ಲಿದ್ದ. ಅವನ ದಟ್ಟ ನೆರಳಿನ ಮೊನೆ ಭೂಮಿಗೆ ತಲುಪಲಿಲ್ಲ. ತಂತಿಯದ್ದೇ ಕಥೆ. ಕುಟ್ಟದಲ್ಲಿ ನಿಂತ ನಾವೆಲ್ಲ ಅವತ್ತು ಇರುವೆಗಳು.

ಫೆಬ್ರವರಿ 10ರಂದು ನಡುಹಗಲಿನ ನೆರಳು ಅಳೆದೆವು. ಒಂದು ಮೀಟರ್ ಕೋಲು, ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿದ ಕಲ್ಲು, ಗುರುತಿಗೆ ಇದ್ದಿಲು. 12 ಗಂಟೆಗೆ ನೆರಳು ಅತಿ ಚಿಕ್ಕದು ಎಂದು ಎಲ್ಲರೂ ಬಾಜಿ ಕಟ್ಟಿದರು. 12 ಆಯಿತು, 12.15 ಆಯಿತು, ನೆರಳು ಇನ್ನೂ ಕಿರಿದಾಗುತ್ತಲೇ ಇದೆ. ನನ್ನ ಗಡಿಯಾರ ಕೆಟ್ಟಿದೆ ಎಂದು ತೀರ್ಪಾಯಿತು. 12.30ರ ಮೇಲೆ ಬದಲಾವಣೆ ಎಷ್ಟು ಕಡಿಮೆಯೆಂದರೆ ನೇರವಾಗಿ ಕ್ಷಣ ಹಿಡಿಯುವುದು ಕಷ್ಟ. ಮೊದಲ ಸಲ ಮಾಡುವವರು ಇಲ್ಲೇ ಎಡವುತ್ತಾರೆ. ಶಂಕು, ಅಂದರೆ ನೆಟ್ಟಗಿನ ಕೋಲು, ನೆಟ್ಟು ದಿಕ್ಕು ಕಂಡುಹಿಡಿಯುತ್ತಿದ್ದ ನಮ್ಮ ಹಳೆಯ ಗಣಿತಜ್ಞರ ಉಪಾಯವೇ ಒಳ್ಳೆಯದು. ಬೆಳಿಗ್ಗೆ ನೆರಳಿನ ತುದಿ ಇದ್ದಲ್ಲಿಗೆ ಕೋಲಿನ ಸುತ್ತ ವೃತ್ತ ಎಳೆದು, ಮಧ್ಯಾಹ್ನ ತುದಿ ಮತ್ತೆ ಆ ವೃತ್ತವನ್ನು ಮುಟ್ಟುವವರೆಗೆ ಕಾಯುವುದು. ನಮಗೆ 11.40ಕ್ಕೆ ಒಂದು, ಬಿಸಿಯೂಟ ಮುಗಿಸಿ ಬಂದಾಗ 1.40ರ ಸುಮಾರಿಗೆ ಇನ್ನೊಂದು. ನಡುವಿನದು 12.40. ಆಗಿನ ನೆರಳು 50 ಸೆಂಟಿಮೀಟರಿನ ಆಸುಪಾಸು, ತುದಿ ನೇರ ಉತ್ತರಕ್ಕೆ.

ಕಾರಣದ ದೊಡ್ಡ ಪಾಲು ಭೂಪಟದಲ್ಲಿದೆ. ದೇಶಕ್ಕೆಲ್ಲ ಒಂದೇ ಆದ ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75.7ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷ ತಡ. ಉಳಿದ ಹದಿಮೂರು–ಹದಿನಾಲ್ಕು ನಿಮಿಷ ಭೂಮಿಯ ವಾಲು ಮತ್ತು ಅದರ ಕಕ್ಷೆಯ ಆಕಾರದಿಂದ ಬರುವಂಥದ್ದು. ಅದನ್ನು ಆರನೇ ತರಗತಿಗೆ ಹೇಳಲು ಹೋಗಲಿಲ್ಲ.

ನಮ್ಮ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೇ ಬಂದು ನೆಟ್ಟಗಿನ ವಸ್ತುಗಳಿಗೆ ನೆರಳೇ ಇಲ್ಲದಂತಾಗುತ್ತದೆ: ಏಪ್ರಿಲ್ 22–23ರ ಹೊತ್ತಿಗೆ ಒಮ್ಮೆ, ಆಗಸ್ಟ್ 20ರ ಸುಮಾರಿಗೆ ಇನ್ನೊಮ್ಮೆ. ಶಾಲೆಯ ಮಟ್ಟಿಗೆ ಎರಡೂ ದಂಡ, ಒಂದು ಬೇಸಿಗೆ ರಜೆಯಲ್ಲಿ, ಇನ್ನೊಂದು ಮಳೆಯಲ್ಲಿ. 2020ರ ಏಪ್ರಿಲ್‌ನಲ್ಲಂತೂ ಲಾಕ್‌ಡೌನ್. ಮಧ್ಯಾಹ್ನ 12.25ಕ್ಕೆ ಅಂಗಳದಲ್ಲಿ ಲೋಟ ಬೋರಲು ಹಾಕಿ ನೋಡಿ ಎಂದು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆ. 22ರಂದು ಒಂದೇ ಒಂದು ಫೋಟೋ ಬಂತು, ಜುಲೈನಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿಯದು, ಅಪ್ಪನ ಫೋನಿನಿಂದ. ಸರಿಯಾಗಿ ಮೇಲಿನಿಂದ ತೆಗೆದಿದ್ದಳು. ಲೋಟದ ಸುತ್ತ ನೆರಳಿರಲಿಲ್ಲ ನಿಜ, ಆದರೆ ಲೋಟದ ಮೇಲೆ ಫೋನು ಹಿಡಿದ ಎರಡು ಕೈಗಳ ಕಪ್ಪು ಆಕಾರ ಪೂರ್ತಿ ಹರಡಿತ್ತು. ಪಕ್ಕಕ್ಕೆ ಸರಿದು ಇನ್ನೊಂದು ತೆಗಿ ಮಗಾ ಎಂದು ಬರೆದೆ. "ಮೋಡ ಬಂತು ಟೀಚರ್" ಎಂದು ಉತ್ತರ ಬಂತು.