ಹೆಸರು ಹಳೆಯದು, ಸಾಲು ಖಾಲಿ: ಡ್ರಮ್ ಕೋರ್ ಒಂದನ್ನು ಮತ್ತೆ ಸ್ಪರ್ಧೆಗೆ ನಿಲ್ಲಿಸುವುದು ಹೇಗೆ

ಅಮೆರಿಕದಲ್ಲಿ ಡ್ರಮ್ ಕೋರ್ ಎಂದರೆ ಹಿತ್ತಾಳೆ ವಾದ್ಯ, ಡ್ರಮ್ ಮತ್ತು ಕಲರ್ ಗಾರ್ಡ್ (ಧ್ವಜ ತಿರುಗಿಸುತ್ತ ನರ್ತಿಸುವವರ ಗುಂಪು) ಸೇರಿದ ತಂಡ. ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತುತ್ತ, ಫುಟ್‌ಬಾಲ್ ಮೈದಾನದಲ್ಲಿ ಹತ್ತು ಹನ್ನೆರಡು ನಿಮಿಷದ ಒಂದೇ ಪ್ರದರ್ಶನವನ್ನು ದಿನದಿನಕ್ಕೂ ತಿದ್ದುತ್ತ ಹೋಗುತ್ತದೆ. ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ, ತನ್ನ ಮೊದಲ ಚಾಂಪಿಯನ್‌ಶಿಪ್ ನಡೆಸಿದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ. ಈಗ ಪ್ರತಿ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ ನಡೆಯುತ್ತದೆ. ಗುರುವಾರದ ಸುತ್ತಿನಿಂದ 25 ತಂಡಗಳು ಶುಕ್ರವಾರಕ್ಕೆ, ಅಲ್ಲಿಂದ 12 ತಂಡಗಳು ಶನಿವಾರದ ಫೈನಲ್‌ಗೆ. ಆ ಹನ್ನೆರಡರೊಳಗೆ ಇರುವುದೇ ದೊಡ್ಡ ಮಾತು. ಒಂದು ಕಾಲಕ್ಕೆ ಗೆದ್ದು ಈಗ ಹದಿಮೂರು, ಹದಿನೈದನೇ ಸ್ಥಾನಕ್ಕೆ ಇಳಿದಿರುವ ಕೋರ್‌ಗಳ ಬೋರ್ಡಿನವರಿಗೆ, ಸ್ವಯಂಸೇವಕರಿಗೆ, ಅಂಥ ಕಡೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ ಈ ಮಾರ್ಗದರ್ಶಿ. ಶಾಲೆಯ ಮಾರ್ಚಿಂಗ್ ಬ್ಯಾಂಡ್ ಸೇರಿದ ಮಗು ಡ್ರಮ್ ಕೋರ್ ಆಸೆ ಹೇಳಿಕೊಂಡಾಗ ಅಮೆರಿಕದ ಕನ್ನಡ ಮನೆಗಳಿಗೂ ಇದು ಬೇಕಾದೀತು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಹಳೆಯ ಹೆಸರು ಹುಡುಗರನ್ನು ಮೊದಲ ಆಯ್ಕೆ ಕ್ಯಾಂಪಿನವರೆಗೆ ಕರೆತರುತ್ತದೆ, ಅಷ್ಟೇ. ಅವರು ಎರಡನೇ ವರ್ಷವೂ ಬರುತ್ತಾರೋ ಇಲ್ಲವೋ ಎಂಬುದರ ಮೇಲೆ ಸ್ಥಾನ ನಿಂತಿದೆ. ಹಾಗಾಗಿ ಪ್ರತಿಭೆಯನ್ನು ಸೆಳೆಯುವ ಕೆಲಸ ಜಾಹೀರಾತಿನಿಂದಲ್ಲ, ಇರುವವರನ್ನು ಉಳಿಸಿಕೊಳ್ಳುವುದರಿಂದ ಶುರುವಾಗಬೇಕು.

ಮೊದಲು ಲೆಕ್ಕ

ಕಳೆದ ಮೂರು ವರ್ಷದ ಸದಸ್ಯರ ಪಟ್ಟಿ ತೆಗೆಯಿರಿ. ವಯಸ್ಸು ಮೀರಿ ಹೊರಹೋದವರನ್ನು (ಏಜ್ ಔಟ್ ಆದವರನ್ನು) ಬದಿಗಿಟ್ಟು, ಮರಳಿ ಬರಬಹುದಾಗಿದ್ದವರಲ್ಲಿ ಎಷ್ಟು ಜನ ಬಂದರು ಎಂದು ಎಣಿಸಿ. ಉದಾಹರಣೆಗೆ 150 ಜನರಲ್ಲಿ 40 ಮಂದಿಗೆ ವಯಸ್ಸು ಮೀರಿತು ಎನ್ನೋಣ. ಉಳಿದ 110ರಲ್ಲಿ 75 ಮಂದಿ ಬಂದರೆ ಅರ್ಧ ತಂಡಕ್ಕೆ ಕೋರ್‌ನ ನಡಿಗೆ, ಉಸಿರಾಟದ ಕ್ರಮ, ಕೋಲು ಎತ್ತುವ ಎತ್ತರ ಎಲ್ಲವೂ ಗೊತ್ತಿರುತ್ತದೆ. 40 ಮಾತ್ರ ಬಂದರೆ ಮೇ ತಿಂಗಳಲ್ಲಿ ಶುರುವಾಗುವ ದಿನವಿಡೀ ಅಭ್ಯಾಸದ ಮೊದಲ ಎರಡು ವಾರ ಬರೀ ಮೂಲಪಾಠಕ್ಕೇ ಹೋಗುತ್ತದೆ; ಅದೇ ಎರಡು ವಾರದಲ್ಲಿ ಮೇಲಿನ ತಂಡಗಳು ಪ್ರದರ್ಶನದ ಮೊದಲ ಭಾಗವನ್ನು ಮೈದಾನಕ್ಕಿಳಿಸಿರುತ್ತವೆ. ಆ ಅಂತರ ಆಗಸ್ಟ್‌ವರೆಗೂ ಮುಚ್ಚುವುದಿಲ್ಲ.

ಒಟ್ಟು ಸಂಖ್ಯೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ವಿಭಾಗವಾರು ನೋಡಿ. ಸ್ನೇರ್ ಡ್ರಮ್ ಸಾಲಿನಲ್ಲಿ ಒಬ್ಬರು ಕಡಿಮೆಯಾದರೆ ಉಳಿದವರು ಅದೇ ನುಡಿಸುತ್ತಿರುತ್ತಾರೆ, ಸದ್ದು ಸ್ವಲ್ಪ ತಗ್ಗುತ್ತದೆ. ಬೇಸ್ ಡ್ರಮ್ ಸಾಲು ಹಾಗಲ್ಲ. ಐದು ಡ್ರಮ್‌ಗಳ ನಡುವೆ ಒಂದೇ ಸಾಲಿನ ಪೆಟ್ಟುಗಳನ್ನು ಹಂಚಿರುತ್ತಾರೆ, ಒಬ್ಬರು ಇಲ್ಲದಿದ್ದರೆ ಸಂಗೀತದಲ್ಲೇ ತೂತು. ದೊಡ್ಡ ಹಿತ್ತಾಳೆ ವಾದ್ಯವಾದ ಟೂಬಾ ಸುಮಾರು 15 ಕಿಲೋ ತೂಗುತ್ತದೆ, ಅದನ್ನು ಹೆಗಲ ಮೇಲೆ ಹೊತ್ತು ಓಡುವವರು ಎಲ್ಲ ಕಡೆಯೂ ಕಡಿಮೆ. ಸೊರಗಿದ ಕೋರ್‌ಗಳಲ್ಲಿ ಮೊದಲು ಖಾಲಿಯಾಗುವುದು ಇಂಥ ಜಾಗಗಳೇ. ನಿಮ್ಮ ಕರೆ, ನಿಮ್ಮ ಧನಸಹಾಯ ಮೊದಲು ಅಲ್ಲಿಗೆ ಹೋಗಲಿ.

ಬಾರದವರಿಗೆ ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ ಕಾರಣ ಕೇಳಿ. ಕೇಳುವವರು ಅವರ ಕಲಿಸುಗರಾಗಿರಬಾರದು. ಆಗ ನಿಜ ಹೊರಬರುವುದಿಲ್ಲ. ಉತ್ತರಗಳನ್ನು ಹಣ, ಕಲಿಸುಗರು, ಆರೋಗ್ಯ, ಬೇರೆ ತಂಡ ಎಂದು ನಾಲ್ಕು ಗುಂಪು ಮಾಡಿದರೆ ಮುಂದೇನು ಮಾಡಬೇಕೆಂಬುದು ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ.

ಅಂಕಪಟ್ಟಿ ಓದುವ ಬಗೆ

ಒಟ್ಟು 100 ಅಂಕ. ಜನರಲ್ ಎಫೆಕ್ಟ್‌ಗೆ, ಎಂದರೆ ಪ್ರದರ್ಶನದ ಒಟ್ಟು ಪರಿಣಾಮಕ್ಕೆ, 40. ದೃಶ್ಯಕ್ಕೆ 30, ಸಂಗೀತಕ್ಕೆ 30. ಪರಿಣಾಮದ ಇಬ್ಬರು ತೀರ್ಪುಗಾರರು ತಲಾ 20ಕ್ಕೆ ಕೊಡುವ ಅಂಕ ಹಾಗೆಯೇ ಸೇರುತ್ತದೆ. ದೃಶ್ಯ ಮತ್ತು ಸಂಗೀತದಲ್ಲಿ ಮೂರು ಮೂರು ವಿಭಾಗ. ತಲಾ 20ರ ಮೂರನ್ನು ಕೂಡಿ ಅರ್ಧ ಮಾಡುತ್ತಾರೆ. ಆದ್ದರಿಂದ ಕಲರ್ ಗಾರ್ಡ್ ಒಂದು ಅಂಕ ಮೇಲೇರಿದರೆ ಒಟ್ಟಿಗೆ ಸೇರುವುದು ಅರ್ಧ. ಪರಿಣಾಮದಲ್ಲಿ ಒಂದು ಏರಿದರೆ ಪೂರ್ತಿ ಒಂದು.

ಇದನ್ನು ನೋಡಿ ಅನೇಕ ಬೋರ್ಡುಗಳು ದುಬಾರಿ ವಿನ್ಯಾಸಕಾರರಿಗೆ ಹಣ ಸುರಿಯುತ್ತವೆ. ಅರ್ಧ ಸರಿ. ಮೈದಾನದಲ್ಲಿ ಸ್ವಚ್ಛವಾಗಿ ಬಾರದ ವಿನ್ಯಾಸಕ್ಕೆ ಪರಿಣಾಮದ ತೀರ್ಪುಗಾರರೂ ಅಂಕ ಕೊಡುವುದಿಲ್ಲ. ನಿಮ್ಮ ಬ್ರಾಸ್ (ಹಿತ್ತಾಳೆ ವಾದ್ಯ), ಪರ್ಕಷನ್ (ತಾಳವಾದ್ಯ), ಗಾರ್ಡ್ ಅಂಕಗಳು ನಿಮ್ಮ ಮೇಲಿನ ಎರಡು ತಂಡಗಳಿಗೆ ಸಮನಾಗಿದ್ದು ಪರಿಣಾಮ ಮಾತ್ರ ಕೆಳಗಿದ್ದರೆ ವಿನ್ಯಾಸ ಬದಲಿಸಿ. ಎಲ್ಲವೂ ಕೆಳಗಿದ್ದರೆ ಸದಸ್ಯರು ಹೊರಲಾಗದ ಭಾರ ಹೊರಿಸಿದ್ದೀರಿ: ಬರೆದದ್ದನ್ನು ಸುಲಭ ಮಾಡಿ, ಕಲಿಸುವವರನ್ನು ಹೆಚ್ಚಿಸಿ. ಒಂದೇ ವಿಭಾಗ ಕುಸಿದಿದ್ದರೆ ಆ ವಿಭಾಗದ ಮುಖ್ಯಸ್ಥರು ಎಷ್ಟು ವರ್ಷಕ್ಕೊಮ್ಮೆ ಬದಲಾಗಿದ್ದಾರೆ ನೋಡಿ. ಪ್ರತಿ ವರ್ಷ ಹೊಸಬರು ಬಂದು ಪ್ರತಿ ವರ್ಷ ಹೊಸ ತಂತ್ರ ಕಲಿಸಿದರೆ ಹಳೆಯ ಸದಸ್ಯನೂ ಹೊಸಬನೇ. ವಿಭಾಗದ ಮುಖ್ಯಸ್ಥರೊಂದಿಗೆ ಮೂರು ವರ್ಷದ ಒಪ್ಪಂದ ಮಾಡಿಕೊಳ್ಳುವುದು ನಮಗೆ ತಿಳಿದಂತೆ ಅತ್ಯಂತ ಕಡಿಮೆ ಖರ್ಚಿನ ಸುಧಾರಣೆ.

ಆಡಿಷನ್

ಇದು ನವೆಂಬರ್, ಡಿಸೆಂಬರ್ ಕೆಲಸ. ವಿಡಿಯೊ ಆಡಿಷನ್ ತೆಗೆದುಕೊಳ್ಳಿ, ಆದರೆ ಕೊನೆಯ ತೀರ್ಮಾನ ಕ್ಯಾಂಪಿನಲ್ಲೇ ಆಗಲಿ. ವಿಡಿಯೊದಲ್ಲಿ ಹತ್ತನೇ ಸಲದ ನುಡಿಸಾಣಿಕೆ ಕಾಣುತ್ತದೆ. ನಿಮಗೆ ಬೇಕಾದದ್ದು ಮೊದಲ ಸಲ ತಪ್ಪಿದವರು ಎರಡನೇ ಸಲ ಎಷ್ಟು ತಿದ್ದಿಕೊಂಡರು ಎಂಬುದು.

ಡ್ರಮ್‌ಗೆ: ಮೆಟ್ರೊನೋಮ್ (ತಾಳಯಂತ್ರ) ನಿಮಿಷಕ್ಕೆ 120ರಲ್ಲಿ ಪ್ರತಿ ಕೈಗೆ ಎಂಟು ಪೆಟ್ಟು, ಕೋಲು ಮೊದಲು 3 ಇಂಚು, ಆಮೇಲೆ 9 ಇಂಚು ಎತ್ತರ, ನಿಂತಲ್ಲೇ ಹೆಜ್ಜೆ ಹಾಕುತ್ತಲೇ. ನಂತರ ವೇಗ ಏರಿಸಿ. ಕೈ ಸರಿಯಿದ್ದು ಪಾದ ತಪ್ಪುವವರನ್ನು ತಿದ್ದಬಹುದು, ಎತ್ತರ ಹಿಡಿತದಲ್ಲಿಲ್ಲದವರಿಗೆ ಹೆಚ್ಚು ಸಮಯ ಬೇಕು. ಬ್ರಾಸ್‌ಗೆ ದೀರ್ಘ ಸ್ವರ, ಮೆಲ್ಲಗೆ ಆರಂಭಿಸಿ ಶ್ರುತಿ ಏರದಂತೆ ಜೋರು ಮಾಡುವುದು. ನಂತರ ನಡೆಯುತ್ತ ಅದೇ. ನಡಿಗೆಗೆ ಎಂಟು ಹೆಜ್ಜೆಯಲ್ಲಿ ಐದು ಗಜ, ಎಂದರೆ ಹೆಜ್ಜೆಗೆ 22.5 ಇಂಚು, ಕೆಳಗೆ ನೋಡದೆ ಎಂಟನೇ ಹೆಜ್ಜೆಗೆ ಪಾದ ಗೆರೆಯ ಮೇಲಿರಬೇಕು. ಗಾರ್ಡ್‌ಗೆ ಧ್ವಜ ತಿರುಗಿಸುವುದರ ಜೊತೆಗೆ ನೃತ್ಯದ ಮೂಲ ಚಲನೆಗಳನ್ನೂ ನೋಡಿ. ಎಸೆದದ್ದು ಕೈತಪ್ಪಿದ ಮೇಲೆ ಏನು ಮಾಡುತ್ತಾರೆ ಎನ್ನುವುದಕ್ಕೂ ಅಂಕವಿರಲಿ.

ಕೆಡುವುದು ಎಲ್ಲಿ ಎಂದರೆ ಉತ್ತರ ಕೊಡುವಲ್ಲಿ. ಒಳ್ಳೆಯ ಟ್ರಂಪೆಟ್ ಹುಡುಗಿ ಎರಡು ಮೂರು ಕಡೆ ಆಡಿಷನ್ ಕೊಟ್ಟಿರುತ್ತಾಳೆ. ಮೇಲಿನ ತಂಡದಿಂದ ಒಂದು ವಾರದಲ್ಲಿ ಪತ್ರ ಬಂದು, ನಿಮ್ಮಿಂದ ಜನವರಿವರೆಗೆ ಸದ್ದಿಲ್ಲದಿದ್ದರೆ ಆಕೆ ಹೋದಳು ಎಂದೇ ತಿಳಿಯಿರಿ. ಏಳು ದಿನದೊಳಗೆ ಮೂರೇ ಸಾಲಿನ ಬರಹ ಕಳಿಸಿ: ಆಯ್ಕೆ ಆಗಿದೆಯೇ, ಯಾವುದು ಚೆನ್ನಾಗಿತ್ತು, ಮುಂದಿನ ಕ್ಯಾಂಪಿಗೆ ಏನು ತಿದ್ದಿಕೊಂಡು ಬರಬೇಕು. ಆಯ್ಕೆಯಾಗದವರಿಗೂ ಇದೇ ಬರಹ ಹೋಗಬೇಕು, ಜೊತೆಗೆ ಓಪನ್ ಕ್ಲಾಸ್‌ನ (ಡಿಸಿಐನ ಎರಡನೇ ದರ್ಜೆಯ) ಯಾವ ತಂಡ ಅವರಿಗೆ ಹೊಂದೀತು ಎಂಬ ಸಲಹೆ. ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್‌ನ ಬ್ಲೂ ಡೆವಿಲ್ಸ್ 20ಕ್ಕೂ ಹೆಚ್ಚು ಪ್ರಶಸ್ತಿ ಗೆದ್ದ ತಂಡ. ಅದರ ಕೆಳಗೆ ಬ್ಲೂ ಡೆವಿಲ್ಸ್ ಬಿ, ಸಿ ಎಂಬ ಕಿರಿಯ ತಂಡಗಳಿವೆ. ಎಲ್ಲರಿಗೂ ಅದು ಸಾಧ್ಯವಿಲ್ಲ. ನಿಮ್ಮ ರಾಜ್ಯದ ಹತ್ತು ಹೈಸ್ಕೂಲ್ ಬ್ಯಾಂಡ್ ನಿರ್ದೇಶಕರ ಜೊತೆ ವರ್ಷಕ್ಕೆರಡು ಉಚಿತ ಕಾರ್ಯಾಗಾರ ನಡೆಸುವುದು ಖಂಡಿತ ಸಾಧ್ಯ.

ಮೀಸಲು ಪಟ್ಟಿ ಇಟ್ಟುಕೊಳ್ಳಿ. ಒಪ್ಪಿಕೊಂಡವರಲ್ಲಿ ಕೆಲವರು ಏಪ್ರಿಲ್‌ನಲ್ಲಿ ಬಿಟ್ಟೇ ಬಿಡುತ್ತಾರೆ. ಅಷ್ಟರಲ್ಲಿ ಮೈದಾನದ ಚಲನೆ ಬರೆಯುವವರು ಪ್ರತಿಯೊಬ್ಬರಿಗೂ ಒಂದೊಂದು ಬಿಂದು ಗುರುತಿಸಿರುತ್ತಾರೆ. ಖಾಲಿ ಬಿಂದು ಎಂದರೆ ವಕ್ರರೇಖೆಯ ನಡುವೆ ಬಿರುಕು. ಮೇಲಿನ ಸಾಲಿನಲ್ಲಿ ಕೂತ ತೀರ್ಪುಗಾರರಿಗೆ ಮೊದಲು ಕಾಣುವುದು ಅದೇ.

ಹಣ

ಇಲ್ಲಿ ಕೆಲವು ನೋವಿನ ಉದಾಹರಣೆಗಳಿವೆ. 1934ರಲ್ಲಿ ನ್ಯೂಜೆರ್ಸಿಯ ಗಾರ್‌ಫೀಲ್ಡ್‌ನಲ್ಲಿ ಹುಟ್ಟಿದ ಕೆಡೆಟ್ಸ್, ಹತ್ತು ಡಿಸಿಐ ಪ್ರಶಸ್ತಿಗಳ ಕೋರ್. 2023ರಲ್ಲೂ ಫೈನಲ್‌ನಲ್ಲಿತ್ತು. 2024ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಮುಳುಗಿಸಿದ್ದು ಅಂಕವಲ್ಲ, ಹಳೆಯ ದೌರ್ಜನ್ಯದ ಆರೋಪಗಳಿಗೆ ಸಂಬಂಧಿಸಿದ ಮೊಕದ್ದಮೆ ಮತ್ತು ಅದರ ಖರ್ಚು. 1967ರಲ್ಲಿ ಹುಟ್ಟಿದ ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ 2018ರಲ್ಲಿ ಗೆದ್ದು, 2023ರಲ್ಲಿ ಹಣಕಾಸಿನ ಕಾರಣಕ್ಕೆ ಮೈದಾನಕ್ಕೇ ಇಳಿಯಲಿಲ್ಲ, 2024ರಲ್ಲಿ ಮರಳಿತು. ವಯೋಮಿಂಗ್‌ನ ಟ್ರೂಪರ್ಸ್ 2006ರಲ್ಲಿ ಒಂದು ವರ್ಷ ಕೂತು, 2007ರಲ್ಲಿ ಎದ್ದು, 2009ರಲ್ಲಿ ಫೈನಲ್ ತಲುಪಿತು. ಒಂದು ವರ್ಷ ನಿಲ್ಲಿಸುವುದು ಸಾವಲ್ಲ. ಹಣವಿಲ್ಲದೆ ಹೊರಟು ಜುಲೈನಲ್ಲಿ ದಾರಿಯಲ್ಲಿ ನಿಲ್ಲುವುದು ಸಾವು.

ಬಸ್, ಸಾಮಾನಿನ ಲಾರಿ, ಡೀಸೆಲ್, ಅಭ್ಯಾಸದ ಶಾಲೆಗಳ ಬಾಡಿಗೆ, ವಿಮೆ, ಊಟ. ಸದಸ್ಯರು, ಕಲಿಸುಗರು, ಚಾಲಕರು, ಸ್ವಯಂಸೇವಕರು ಸೇರಿ 200 ಜನ, ದಿನಕ್ಕೆ ನಾಲ್ಕು ಹೊತ್ತು ಎಂದರೆ ಅಡುಗೆ ಲಾರಿಯಿಂದ ದಿನಕ್ಕೆ 800 ತಟ್ಟೆ ಹೊರಡುತ್ತದೆ. ಜನವರಿ ಕೊನೆಗೆ ಪ್ರವಾಸದ ಪೂರ್ತಿ ಖರ್ಚಿನ ಪಟ್ಟಿ ಬೋರ್ಡಿನ ಮುಂದಿರಬೇಕು, ಡೀಸೆಲ್ ಬೆಲೆ ಶೇಕಡಾ 20 ಏರಿದರೆ ಏನಾಗುತ್ತದೆ ಎಂಬ ಇನ್ನೊಂದು ಸಾಲಿನೊಂದಿಗೆ. ಬರುವ ವರ್ಷದ ಸದಸ್ಯರ ಶುಲ್ಕದಿಂದ ಹೋದ ವರ್ಷದ ಬಸ್ ಬಾಕಿ ತೀರಿಸಬೇಡಿ. ಶುಲ್ಕಕ್ಕೆ ಬೇರೆಯೇ ಖಾತೆ ತೆರೆಯಿರಿ. ಹೊಸ ಶುಲ್ಕದಿಂದ ಹಳೆಯ ಬಾಕಿ ತೀರಿಸುವ ಅಭ್ಯಾಸ ಕೋರ್ ಒಂದನ್ನು ಕುಸಿಯುವಂತೆ ಮಾಡಬಲ್ಲದು. ಎರಡು ವರ್ಷ ಯಾರಿಗೂ ಗೊತ್ತಾಗುವುದಿಲ್ಲ, ಮೂರನೇ ವರ್ಷ ಸದಸ್ಯರು ಕಡಿಮೆಯಾದ ತಕ್ಷಣ ಎಲ್ಲ ಒಟ್ಟಿಗೆ ಬೀಳುತ್ತದೆ.

ಸಾವಿರಾರು ಡಾಲರ್ ಶುಲ್ಕ ಪ್ರತಿಭೆಯನ್ನು ತಡೆಯುವ ದೊಡ್ಡ ಗೋಡೆ. ಹಳೆಯ ಸದಸ್ಯರ ಸಂಘ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಳಬರಿಂದ ಹೊಸ ಸಮವಸ್ತ್ರಕ್ಕೆ ಹಣ ಕೇಳುವ ಬದಲು, ಒಬ್ಬ ಟೂಬಾ ವಾದಕನ ಒಂದು ಬೇಸಿಗೆಯ ಶುಲ್ಕ ಎಂದು ಕೇಳಿ. ಕೊಡುವವರಿಗೆ ತಮ್ಮ ಹಣ ಎಲ್ಲಿ ಹೋಯಿತೆಂದು ಕಾಣಬೇಕು.

ಮಕ್ಕಳ ಸುರಕ್ಷೆ

ಕೆಡೆಟ್ಸ್ ನಿರ್ದೇಶಕರು ಲೈಂಗಿಕ ದುರ್ವರ್ತನೆಯ ಆರೋಪಗಳ ನಂತರ 2018ರಲ್ಲಿ ಹುದ್ದೆ ಬಿಟ್ಟರು. ಇಡೀ ಕ್ಷೇತ್ರ ಎಚ್ಚೆತ್ತಿದ್ದು ಆಗ. ದೂರು ಹೋಗುವ ದಾರಿ ನಿರ್ದೇಶಕರ ಮೇಜಿನ ಮೂಲಕ ಇರಲೇಬಾರದು. ಕೋರ್‌ಗೆ ಸಂಬಂಧವಿಲ್ಲದ ಒಬ್ಬರು ದೂರು ಸ್ವೀಕರಿಸಲಿ, ಅವರ ನಂಬರು ಪ್ರತಿ ಬಸ್ಸಿನ ಬಾಗಿಲಲ್ಲಿ ಅಂಟಿಸಿರಲಿ. ಸ್ವಯಂಸೇವಕರೂ ಸೇರಿ ಎಲ್ಲರ ಹಿನ್ನೆಲೆ ಪರಿಶೀಲನೆ ಪ್ರತಿ ವರ್ಷ. ಅಪ್ರಾಪ್ತರ ಜೊತೆ ಒಬ್ಬನೇ ವಯಸ್ಕ ಎಲ್ಲೂ ಇರುವಂತಿಲ್ಲ.

ದೇಹದ ವಿಷಯವೂ ಇದರಲ್ಲೇ ಬರುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಶಾಲೆಯ ಜಿಮ್‌ನ ನೆಲದ ಮೇಲೆ ಮಲಗುವ ಹೊತ್ತಿಗೆ ಫ್ಲೋರ್ ಟೈಮ್ ಎನ್ನುತ್ತಾರೆ. ಅದನ್ನು ಕಡಿದು ಅಭ್ಯಾಸ ಹೆಚ್ಚಿಸಿದರೆ ಜುಲೈ ನಡುವಿಗೆ ಮೊಣಕಾಲು, ಹಿಮ್ಮಡಿ ನೋವಿನವರ ಸಾಲು ಬೆಳೆಯುತ್ತದೆ. ಬಿಸಿಲಲ್ಲಿ 20 ನಿಮಿಷಕ್ಕೊಮ್ಮೆ ನೀರು, ಮೈದಾನದಲ್ಲಿ ಸದಾ ಒಬ್ಬ ಅಥ್ಲೆಟಿಕ್ ಟ್ರೈನರ್, ಎಂದರೆ ಗಾಯ, ಆಯಾಸ ನೋಡಿಕೊಳ್ಳುವ ಆರೋಗ್ಯ ಸಿಬ್ಬಂದಿ. ನಿಲ್ಲಿಸು ಎಂದು ಅವರು ಹೇಳಿದರೆ ಕಲಿಸುಗರು ಮರುಮಾತಾಡಬಾರದು.

ಪರಂಪರೆ

ವಿಸ್ಕಾನ್ಸಿನ್‌ನ ಮ್ಯಾಡಿಸನ್ ಸ್ಕೌಟ್ಸ್ 1938ರದು, 1975 ಮತ್ತು 1988ರ ವಿಜೇತ. ದಶಕಗಳ ಕಾಲ ಹುಡುಗರಿಗೆ ಮಾತ್ರವಿದ್ದ ತಂಡ 2019ರಲ್ಲಿ ಎಲ್ಲರಿಗೂ ಬಾಗಿಲು ತೆರೆಯುವುದಾಗಿ ಸಾರಿತು. ಹಳಬರಲ್ಲಿ ಅನೇಕರಿಗೆ ನೋವಾಯಿತು. ಆದರೂ ಅದು ಸರಿಯಾದ ನಿರ್ಧಾರವೆಂದೇ ನಮ್ಮ ನಂಬಿಕೆ: ಅರ್ಧದಷ್ಟು ಪ್ರತಿಭಾವಂತರನ್ನು ಹೊರಗಿಟ್ಟು ಸ್ಪರ್ಧಿಸಲಾಗದು. ಬಣ್ಣ, ಗೀತೆ, ಹಿರಿಯರು ಕಿರಿಯರಿಗೆ ಕಲಿಸುವ ಕ್ರಮ ಇವನ್ನು ಉಳಿಸಿಕೊಳ್ಳಿ. ವಾದ್ಯ, ವಿನ್ಯಾಸ, ಸದಸ್ಯತ್ವದ ನಿಯಮ ಇವು ಬದಲಾಗಲಿ. ಜಿ ಶ್ರುತಿಯ ಬ್ಯೂಗಲ್ ಮಾತ್ರ ನುಡಿಸಬೇಕೆಂಬ ನಿಯಮ 2000ದಲ್ಲಿ ಹೋಯಿತು, 2004ರಲ್ಲಿ ಮೈಕ್ ಬಂತು, 2009ರಲ್ಲಿ ಸಿಂಥಸೈಜರ್.

ಎಷ್ಟು ಕಾಲ ಬೇಕು ಎಂದು ಬೋರ್ಡಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1940ರಲ್ಲಿ ಹುಟ್ಟಿದ ಬಾಸ್ಟನ್ ಕ್ರುಸೇಡರ್ಸ್ ಮೊದಲ ಸಲ ಡಿಸಿಐ ಫೈನಲ್ ತಲುಪಿದ್ದು 1999ರಲ್ಲಿ, ಮೊದಲ ಸಲ ಗೆದ್ದದ್ದು 2025ರಲ್ಲಿ. ಐದು ವರ್ಷದ ಯೋಜನೆ ಹಾಕಿ. ಮೊದಲ ಎರಡು ವರ್ಷ ಸ್ಥಾನವನ್ನು ನೋಡದೆ ಮರಳಿದವರ ಸಂಖ್ಯೆಯನ್ನೇ ಗುರಿಯಾಗಿಡಿ.

ಮಗುವನ್ನು ಕಳಿಸುವವರು ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಹೋದ ವರ್ಷದ ಎಷ್ಟು ಜನ ಮರಳಿದ್ದಾರೆ? ದೂರು ಯಾರಿಗೆ ಹೋಗುತ್ತದೆ? ಪ್ರವಾಸ ರದ್ದಾದರೆ ಹಣ ವಾಪಸಾಗುತ್ತದೆಯೇ, ಅದು ಬರಹದಲ್ಲಿದೆಯೇ? ಸಸ್ಯಾಹಾರಿಗಳಿಗೆ ದಿನವೂ ಬೇಳೆಕಾಳು, ಸೋಯಾ, ಮೊಸರು ಸಿಗುತ್ತದೆಯೇ, ಅಥವಾ ಮಾಂಸ ತೆಗೆದ ತಟ್ಟೆಯೇ ಅವರ ಊಟವೇ? ದಿನಕ್ಕೆ ಹನ್ನೆರಡು ಗಂಟೆ ಬಿಸಿಲಲ್ಲಿ ನಡೆಯುವ ಮಗುವಿಗೆ ಬ್ರೆಡ್ಡು, ಸಲಾಡು ಸಾಲದು.